ಹೆಪ್ಪಿನ ಶತ್ರು: ಫೇಜ್ ಕಣಗಳೂ ಅವುಗಳ ನಿವಾರಣೆಯೂ

ರಾತ್ರಿ ಮಲಗುವ ಮುನ್ನ, ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಮಜ್ಜಿಗೆಯನ್ನು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಮೊಸರಾಗಿರುತ್ತದೆ. ಇದು ನಮ್ಮ ಮನೆಗಳಲ್ಲಿ ನಿತ್ಯವೂ ನಡೆಯುವ ಸಂಗತಿ. ನಿತ್ಯವೂ ನಡೆಯುವುದರಿಂದಲೇ ಇದರ ವಿಷಯವಾಗಿ ಯಾರೂ ಆಲೋಚಿಸುವುದಿಲ್ಲ. ಎಂದಾದರೂ ಒಂದು ದಿನ ಹಾಲು ಹೆಪ್ಪುಗಟ್ಟದೆ ಉಳಿದರೆ, ಚಳಿ ಹೆಚ್ಚಾಯಿತೆಂದೋ, ಹಾಲು ತೀರ ಬಿಸಿಯಾಗಿದ್ದಾಗಲೇ ಹೆಪ್ಪು ಹಾಕಿದುದರಿಂದ ಹೀಗಾಯಿತೆಂದೋ ಕಾರಣ ಹೇಳಿಕೊಳ್ಳುತ್ತೇವೆ. ಮನೆಯ ಮಟ್ಟಿಗೆ ಈ ಕಾರಣಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ.

ಆದರೆ ಹತ್ತು ಸಾವಿರ ಲೀಟರು ಹಾಲನ್ನು ಒಂದೇ ತೊಟ್ಟಿಯಲ್ಲಿ ತುಂಬಿ ಚೀಸನ್ನು ತಯಾರಿಸುವ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಹಾಲು ಒಳ್ಳೆಯದು; ಉಷ್ಣತೆ ಸರಿಯಾಗಿದೆ; ಹೆಪ್ಪು ನಿನ್ನೆಯವರೆಗೂ ಚೆನ್ನಾಗಿ ಕೆಲಸ ಮಾಡಿದೆ. ಆದರೂ ಇಂದು ಹಾಲು ಹುಳಿಯಾಗಲು ಆರಂಭಿಸಿ, ಎರಡು ಮೂರು ಗಂಟೆಗಳಲ್ಲಿ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ನೂರಾರು ರೈತರು ಮುಂಜಾನೆ ಕರೆದು ತಂದ ಹಾಲು ಒಂದೇ ದಿನದಲ್ಲಿ ನಿಷ್ಪ್ರಯೋಜಕವಾಗುತ್ತದೆ. ಈ ನಷ್ಟಕ್ಕೆ ಕಾರಣವಾದ ವಸ್ತು ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕದು. ಅದರ ಹೆಸರು ಬ್ಯಾಕ್ಟೀರಿಯೊಫೇಜ್, ಸಂಕ್ಷೇಪವಾಗಿ ಫೇಜ್. ತೊಟ್ಟಿ, ಕೊಳವೆ, ಕವಾಟ ಮೊದಲಾದುವುಗಳ ಮೇಲ್ಮೈಗಳಿಂದ ಇದನ್ನು ತೊಲಗಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಭೌತವಿಜ್ಞಾನವನ್ನು ಬೋಧಿಸುವ ನಾವು ಹಾಲಿನ ವಿಷಯಕ್ಕೆ ಕೈಹಾಕಿದುದೇಕೆಂದು ವಾಚಕರು ಕೇಳಬಹುದು. ರೇಡಾನ್ ಅನಿಲದ ಪರಮಾಣುಗಳಲ್ಲಿ ಅರ್ಧದಷ್ಟು 3.8 ದಿನಗಳಲ್ಲಿ ಕ್ಷಯಿಸುತ್ತವೆ. ಉಳಿದ ಅರ್ಧದಲ್ಲಿ ಅರ್ಧದಷ್ಟು ಮತ್ತೆ 3.8 ದಿನಗಳಲ್ಲಿ ಕ್ಷಯಿಸುತ್ತವೆ ಎಂದು ತರಗತಿಯಲ್ಲಿ ಹೇಳುತ್ತೇವೆ. ಕ್ರಿಮಿನಾಶಕ ದ್ರಾವಣದಲ್ಲಿ ಫೇಜ್‌ಗಳು ಸಾಯುವುದೂ ಸರಿಸುಮಾರಾಗಿ ಇದೇ ನಿಯಮದಂತೆ. ಅವು ತೊಟ್ಟಿಯಲ್ಲಿ ಹೆಚ್ಚುವುದೂ ಇದೇ ನಿಯಮದಂತೆ. ಆದರೆ ದಿಕ್ಕು ಮಾತ್ರ ವಿರುದ್ಧ. ಈ ಎರಡು ನಿಯಮಗಳ ಹೋರಾಟವನ್ನು ಅರ್ಥಮಾಡಿಕೊಂಡರೆ ಉಳಿದುದೆಲ್ಲವೂ ತಾನಾಗಿಯೇ ತಿಳಿಯುತ್ತದೆ.

ಹೆಪ್ಪಿನ ಕೆಲಸ

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಗಳು ಈ ಸಕ್ಕರೆಯನ್ನು ಬಳಸಿಕೊಂಡು ಲ್ಯಾಕ್ಟಿಕ್ ಆಮ್ಲವನ್ನು ಉತ್ಪತ್ತಿ ಮಾಡುತ್ತವೆ. ಹಾಲು ಹುಳಿಯಾಗುವುದು ಈ ಆಮ್ಲದಿಂದಲೇ. ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಾಶಕಗಳ ಬಳಕೆಯನ್ನು ರೂಢಿಗೆ ತಂದ ಜೋಸೆಫ್ ಲಿಸ್ಟರನೇ ಇಂತಹ ಒಂದು ಬ್ಯಾಕ್ಟೀರಿಯವನ್ನು ಮೊಟ್ಟಮೊದಲು ಶುದ್ಧರೂಪದಲ್ಲಿ ಬೇರ್ಪಡಿಸಿ 1878ರಲ್ಲಿ ವರ್ಣಿಸಿದನು. ಇಂದು ಅದನ್ನು ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಎಂದು ಕರೆಯುತ್ತಾರೆ. ಪಾಶ್ಚಾತ್ಯ ದೇಶಗಳ ಅನೇಕ ಬಗೆಯ ಚೀಸುಗಳಿಗೆ ಇದೇ ಹೆಪ್ಪು.

ಚೀಸನ್ನು ಮಾಡುವಾಗ ಹಾಲಿಗೆ ಹೆಪ್ಪನ್ನೂ, ರೆನೆಟ್ ಎಂಬ ಕಿಣ್ವವನ್ನೂ ಸೇರಿಸುತ್ತಾರೆ. ಹಾಲು ಗಟ್ಟಿಯಾದ ಮೇಲೆ ಗಡ್ಡೆಯನ್ನು ಕತ್ತರಿಸಿ, ಅದರಿಂದ ಒಸರುವ ತಿಳಿನೀರನ್ನು ಬಸಿದು ತೆಗೆಯುತ್ತಾರೆ. ಈ ತಿಳಿನೀರಿಗೆ ಹಾಲೊಡಕು ಎಂದು ಹೆಸರು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಕಥೆಯ ದುಷ್ಟಪಾತ್ರ ಅಡಗಿರುವುದು ಇದರಲ್ಲಿಯೇ.

ಆಮ್ಲವು ಕೇವಲ ರುಚಿಗಾಗಿ ಬೇಕಾದುದಲ್ಲ. ಗಡ್ಡೆಯಿಂದ ನೀರು ಬಿಡಲು ಅದು ಸಹಾಯಮಾಡುತ್ತದೆ; ರೋಗಕಾರಕ ಬ್ಯಾಕ್ಟೀರಿಯಗಳು ಬೆಳೆಯದಂತೆ ಕಾವಲು ಕಾಯುತ್ತದೆ. ಹೆಪ್ಪು ಕೆಲಸಮಾಡದಿದ್ದರೆ ಈ ಕಾವಲು ತಪ್ಪುತ್ತದೆ. ಹಾಲಿನಲ್ಲಿ ಸ್ಟಫಿಲೊಕಾಕಸ್ ಜಾತಿಯ ಕೆಲವು ಬ್ಯಾಕ್ಟೀರಿಯಗಳು ಹೇಗಾದರೂ ಸೇರಿದ್ದರೆ, ಅವು ನಿರಾತಂಕವಾಗಿ ಬೆಳೆದು ಕುದಿಸಿದರೂ ಸುಲಭವಾಗಿ ನಾಶವಾಗದ ವಿಷವನ್ನು ಹಾಲಿನಲ್ಲಿ ಬಿಡಬಲ್ಲವು. ಆದುದರಿಂದ ಹೆಪ್ಪು ಸೋಲುವುದು ಹಣದ ನಷ್ಟ ಮಾತ್ರವಲ್ಲ. ತಿನ್ನುವವರ ಆರೋಗ್ಯದ ಪ್ರಶ್ನೆಯೂ ಹೌದು.

ನ್ಯೂಜಿಲೆಂಡಿನ ಸಮಸ್ಯೆ

1930ರ ದಶಕದಲ್ಲಿ ನ್ಯೂಜಿಲೆಂಡಿನ ಚೀಸ್ ಕಾರ್ಖಾನೆಗಳಿಗೆ ಒಂದು ತೊಂದರೆಯಿತ್ತು. ಅಲ್ಲಿನ ಚೀಸಿನ ಒಳಗೆ ಬೇಡದ ತೂತುಗಳೂ ಸೀಳುಗಳೂ ಕಾಣಿಸಿಕೊಳ್ಳುತ್ತಿದ್ದುವು. ಹೆಪ್ಪಿನಲ್ಲಿ ಬೆರೆತಿದ್ದ ಕೆಲವು ಬ್ಯಾಕ್ಟೀರಿಯಗಳು ಅನಿಲವನ್ನು ಬಿಡುವುದೇ ಇದಕ್ಕೆ ಕಾರಣವೆಂದು ಪಾಮರ್‌ಸ್ಟನ್ ನಾರ್ತ್ ನಗರದ ಕ್ಷೀರ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಹ್ಯೂ ವೈಟ್‌ಹೆಡ್ ಕಂಡುಕೊಂಡನು. ಅನಿಲವನ್ನು ಬಿಡದ ಒಂದೇ ತಳಿಯ ಬ್ಯಾಕ್ಟೀರಿಯವನ್ನು ಆರಿಸಿ, ಅದನ್ನೇ ಶುದ್ಧ ಹೆಪ್ಪನ್ನಾಗಿ ಕಾರ್ಖಾನೆಗಳಿಗೆ ಕೊಡುವ ಪದ್ಧತಿಯನ್ನು ಆತನು ತಂದನು. ಚೀಸಿನ ಗುಣ ಉತ್ತಮವಾಯಿತು.

ಆದರೆ ಒಂದು ತೊಂದರೆ ಹೋಗಿ ಇನ್ನೊಂದು ಬಂದಿತು. ಚೆನ್ನಾಗಿ ಕೆಲಸ ಮಾಡುತ್ತಿದ್ದ ಶುದ್ಧ ಹೆಪ್ಪು ಒಮ್ಮೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ಸತ್ತುಹೋಗುತ್ತಿತ್ತು. ಸೋತ ಹೆಪ್ಪನ್ನು ಬ್ಯಾಕ್ಟೀರಿಯಗಳು ದಾಟಲಾಗದಷ್ಟು ಸೂಕ್ಷ್ಮವಾದ ಸೋಸುಕದ ಮೂಲಕ ಸೋಸಿ, ಆ ನಿರ್ಮಲ ದ್ರವದ ಸ್ವಲ್ಪ ಭಾಗವನ್ನು ಹೊಸ ಹೆಪ್ಪಿಗೆ ಸೇರಿಸಿದರೆ ಅದೂ ಸಾಯುತ್ತಿತ್ತು. ಅದರಿಂದ ಸೋಸಿ ತೆಗೆದ ದ್ರವವು ಮತ್ತೊಂದು ಹೆಪ್ಪನ್ನು ಕೊಲ್ಲುತ್ತಿತ್ತು. ಅದು ಸಾಮಾನ್ಯ ವಿಷವಾಗಿದ್ದರೆ ಹೀಗೆ ಬೆರೆಸುತ್ತ ಹೋದಂತೆ ತೆಳುವಾಗಿ ನಿಷ್ಫಲವಾಗಬೇಕಾಗಿತ್ತು. ಹಾಗಾಗದೆ ಪ್ರತಿಯೊಂದು ಸಲವೂ ಅದು ಹೆಚ್ಚುತ್ತಿತ್ತು. ಇದು ಬ್ಯಾಕ್ಟೀರಿಯೊಫೇಜಿನ ಲಕ್ಷಣವೇ ಎಂದು ವೈಟ್‌ಹೆಡ್ ಮತ್ತು ಕಾಕ್ಸ್ 1935ರಲ್ಲಿ ಪ್ರಕಟಿಸಿದರು.

ಬೆರಕೆ ಹೆಪ್ಪಿಗೆ ಇಲ್ಲದ ದೌರ್ಬಲ್ಯ ಶುದ್ಧ ಹೆಪ್ಪಿಗೇಕೆ? ಒಂದು ಬಗೆಯ ಫೇಜ್ ಎಲ್ಲ ಬ್ಯಾಕ್ಟೀರಿಯಗಳನ್ನೂ ಕೊಲ್ಲಲಾರದು. ಬೀಗಕ್ಕೆ ತಕ್ಕ ಕೀಲಿಕೈಯಂತೆ, ಕೆಲವು ತಳಿಗಳಿಗೆ ಮಾತ್ರ ಅದು ಅಂಟಿಕೊಳ್ಳಬಲ್ಲುದು. ನಮ್ಮ ಮನೆಯ ಹೆಪ್ಪಿನಲ್ಲಿ ಹಲವು ಜಾತಿಯ, ಹಲವು ತಳಿಯ ಬ್ಯಾಕ್ಟೀರಿಯಗಳು ಒಟ್ಟಿಗೆ ವಾಸಿಸುತ್ತವೆ. ಒಂದು ತಳಿ ಸತ್ತರೆ ಉಳಿದವು ಕೆಲಸವನ್ನು ಮುಂದುವರಿಸುತ್ತವೆ. ಒಂದೇ ತಳಿಯಿರುವಲ್ಲಿ ಈ ಆಸರೆ ಇರುವುದಿಲ್ಲ.

ಫೇಜ್ ಎಂದರೇನು?

ಫೇಜ್ ಎಂಬುದು ಬ್ಯಾಕ್ಟೀರಿಯಗಳಿಗೆ ತಗಲುವ ವೈರಸ್. ಇಂಗ್ಲೆಂಡಿನ ಟ್ವಾರ್ಟ್ 1915ರಲ್ಲಿಯೂ, ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿದ್ದ ದೆರೆಲ್ 1917ರಲ್ಲಿಯೂ ಇದನ್ನು ಪ್ರತ್ಯೇಕವಾಗಿ ಕಂಡುಹಿಡಿದರು. ಬ್ಯಾಕ್ಟೀರಿಯಗಳನ್ನು ತಿನ್ನುವಂಥದು ಎಂಬರ್ಥದ ಹೆಸರನ್ನಿಟ್ಟವನು ದೆರೆಲ್. ಮನುಷ್ಯನ ಜೀವಕೋಶಗಳನ್ನು ಇದು ಮುಟ್ಟುವುದಿಲ್ಲ. ಫೇಜ್ ಇರುವ ಹಾಲನ್ನು ಕುಡಿದರೆ ಅದರಿಂದ ನಮಗೆ ರೋಗ ಬರುವುದಿಲ್ಲ.

ಹಾಲಿನ ಹೆಪ್ಪನ್ನು ಕಾಡುವ ಫೇಜ್‌ಗಳಿಗೆ ಒಂದು ತಲೆಯೂ ಒಂದು ಬಾಲವೂ ಉಂಟು. ತಲೆಯ ಅಡ್ಡಳತೆ ಸುಮಾರು 50 ನ್ಯಾನೊಮೀಟರು. ಅಂದರೆ ಇಂತಹ 20,000 ತಲೆಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರು ಉದ್ದವಾಗುತ್ತದೆ. ಬೆಳಕಿನ ಅಲೆಯುದ್ದವೇ 400 ನ್ಯಾನೊಮೀಟರಿಗಿಂತ ಹೆಚ್ಚಾಗಿರುವುದರಿಂದ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇದರ ಆಕಾರ ಕಾಣಿಸದು. ಇದರ ರೂಪವನ್ನು ಮನುಷ್ಯನು ನೋಡಿದುದು 1940ರ ಸುಮಾರಿಗೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಹಾಯದಿಂದ. ತಲೆಯ ಹೊರಗೆ ಪ್ರೋಟೀನಿನ ಚಿಪ್ಪು, ಒಳಗೆ ಡಿ.ಎನ್.ಎ. ಎಂಬ ಆನುವಂಶಿಕ ವಸ್ತು. ಬಾಲದ ತುದಿಯಿಂದ ಬ್ಯಾಕ್ಟೀರಿಯದ ಮೈಗೆ ಅಂಟಿಕೊಂಡು, ಫೇಜ್ ತನ್ನ ಡಿ.ಎನ್.ಎ.ಯನ್ನು ಒಳಗೆ ಕಳಿಸುತ್ತದೆ. ಆ ಬಳಿಕ ಬ್ಯಾಕ್ಟೀರಿಯವು ತನ್ನ ಕೆಲಸವನ್ನು ಬಿಟ್ಟು ಹೊಸ ಫೇಜ್‌ಗಳನ್ನು ತಯಾರಿಸತೊಡಗುತ್ತದೆ. ಕೊನೆಗೆ ಅದರ ಮೈ ಒಡೆದು, ಸುಮಾರು ನೂರು ಫೇಜ್‌ಗಳು ಹೊರಬೀಳುತ್ತವೆ.

ಈ ವೃದ್ಧಿಯನ್ನು ಎಣಿಸುವ ಸ್ಪಷ್ಟವಾದ ಪ್ರಯೋಗವನ್ನು 1939ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆಸಿದವರು ಎಲ್ಲಿಸ್ ಮತ್ತು ಡೆಲ್‌ಬ್ರುಕ್. ಡೆಲ್‌ಬ್ರುಕ್ ಮೂಲತಃ ಭೌತವಿಜ್ಞಾನಿ. ಜೀವದ ಅತ್ಯಂತ ಸರಳವಾದ ಮಾದರಿಯನ್ನು ಹುಡುಕುತ್ತ ಅವನು ಫೇಜಿನ ಬಳಿಗೆ ಬಂದನು. 1969ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಬಹುಮಾನವನ್ನು ಪಡೆದನು.

ಒಂದು ಲೆಕ್ಕ

ಈಗ ತೊಟ್ಟಿಯ ಬಳಿಗೆ ಹಿಂದಿರುಗೋಣ. ಹತ್ತು ಸಾವಿರ ಲೀಟರು ಎಂದರೆ ಒಂದು ಕೋಟಿ ಮಿಲಿಲೀಟರು. ಹೆಪ್ಪು ಹಾಕಿದ ಕೂಡಲೇ ಪ್ರತಿ ಮಿಲಿಲೀಟರಿನಲ್ಲಿ ಸುಮಾರು ಒಂದು ಕೋಟಿ ಬ್ಯಾಕ್ಟೀರಿಯಗಳಿರುತ್ತವೆ ಎನ್ನೋಣ. ಅವು ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದೂ, ಫೇಜ್ ಗಂಟೆಗೊಮ್ಮೆ ನೂರ್ಮಡಿಯಾಗುತ್ತದೆ ಎಂದೂ ಲೆಕ್ಕದ ಸೌಲಭ್ಯಕ್ಕಾಗಿ ಭಾವಿಸೋಣ.

ಫೇಜ್ ತಗುಲಿದ ತೊಟ್ಟಿಯ ಹಾಲೊಡಕಿನಲ್ಲಿ ಒಂದು ಮಿಲಿಲೀಟರಿಗೆ ನೂರು ಕೋಟಿ ಫೇಜ್‌ಗಳವರೆಗೂ ಇರಬಹುದು. ನಿನ್ನೆಯ ಅಂತಹ ಹಾಲೊಡಕಿನಲ್ಲಿ ಒಂದೇ ಒಂದು ಮಿಲಿಲೀಟರು, ಅಂದರೆ ಸುಮಾರು ಇಪ್ಪತ್ತು ತೊಟ್ಟು, ಯಾವುದೋ ಕವಾಟದ ಸಂದಿಯಲ್ಲಿ ಉಳಿದುಕೊಂಡು ಇಂದಿನ ಹಾಲಿಗೆ ಸೇರಿತೆನ್ನೋಣ. ಆಗ ಪ್ರತಿ ಮಿಲಿಲೀಟರು ಹಾಲಿಗೆ 100 ಫೇಜ್‌ಗಳಾದುವು. ಒಂದು ಕೋಟಿ ಬ್ಯಾಕ್ಟೀರಿಯಗಳ ಎದುರಿಗೆ ನೂರು ಫೇಜ್‌ಗಳೆಂದರೆ ಲೆಕ್ಕಕ್ಕೇ ಇಲ್ಲವೆಂದು ತೋರುತ್ತದೆ. ಆದರೆ ಒಂದು ಗಂಟೆಯ ಮೇಲೆ ಫೇಜ್‌ಗಳು 10,000, ಬ್ಯಾಕ್ಟೀರಿಯಗಳು ಎರಡು ಕೋಟಿ. ಎರಡು ಗಂಟೆಗಳ ಮೇಲೆ ಫೇಜ್‌ಗಳು ಹತ್ತು ಲಕ್ಷ, ಬ್ಯಾಕ್ಟೀರಿಯಗಳು ನಾಲ್ಕು ಕೋಟಿ. ಇಲ್ಲಿಯವರೆಗೂ ಹಾಲು ಹುಳಿಯಾಗುತ್ತಲೇ ಇರುತ್ತದೆ. ಕೆಲಸಗಾರರಿಗೆ ಯಾವ ಅನುಮಾನವೂ ಬಾರದು. ಮೂರನೆಯ ಗಂಟೆ ಮುಗಿಯುವ ಹೊತ್ತಿಗೆ ಫೇಜ್‌ಗಳು ಹತ್ತು ಕೋಟಿಯಾಗುತ್ತವೆ. ಬ್ಯಾಕ್ಟೀರಿಯಗಳು ಎಂಟು ಕೋಟಿಯನ್ನೂ ಮುಟ್ಟಿರುವುದಿಲ್ಲ. ಅಲ್ಲಿಗೆ ಹೆಪ್ಪಿನ ಕಥೆ ಮುಗಿಯಿತು.

ನಿಜವಾದ ತೊಟ್ಟಿಯಲ್ಲಿ ಫೇಜ್ ಒಂದು ಬ್ಯಾಕ್ಟೀರಿಯವನ್ನು ಸಂಧಿಸುವುದಕ್ಕೇ ಸ್ವಲ್ಪ ಕಾಲ ಬೇಕು. ಆದುದರಿಂದ ಗಂಟೆಗಳ ಲೆಕ್ಕದಲ್ಲಿ ಹೆಚ್ಚುಕಡಿಮೆಯಾಗಬಹುದು. ಆದರೆ ಲೆಕ್ಕದ ಸ್ವರೂಪ ಇದೇ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಆ ಕವಾಟವನ್ನು ಒಂದು ಕ್ರಿಮಿನಾಶಕದಿಂದ ತೊಳೆದು ನೂರಕ್ಕೆ 99 ಫೇಜ್‌ಗಳನ್ನು ಕೊಂದೆವೆನ್ನಿ. ಪರೀಕ್ಷೆಯಲ್ಲಿ ನೂರಕ್ಕೆ 99 ಅಂಕ ಬಂದರೆ ನಾವು ಹಿಗ್ಗುತ್ತೇವೆ. ಇಲ್ಲಿ ಆದ ಲಾಭವೆಷ್ಟು? ಮಿಲಿಲೀಟರಿಗೆ 100ರ ಬದಲು 1 ಫೇಜ್ ಉಳಿಯಿತು. ಅದು ಮತ್ತೆ 100 ಆಗಲು ಬೇಕಾದುದು ಒಂದೇ ಗಂಟೆ. ಅನಾಹುತವು ಮೂರು ಗಂಟೆಗಳ ಬದಲು ನಾಲ್ಕು ಗಂಟೆಗಳಿಗೆ ಸಂಭವಿಸುತ್ತದೆ, ಅಷ್ಟೆ. ಹತ್ತು ಸಾವಿರಕ್ಕೆ 9,999ನ್ನು ಕೊಂದರೆ ಐದು ಗಂಟೆ. ಹತ್ತು ಲಕ್ಷಕ್ಕೆ ಒಂದು ಮಾತ್ರ ಉಳಿಯುವಂತೆ ಕೊಂದರೆ ಆರು ಗಂಟೆ. ಚೆಡ್ಡರ್ ಬಗೆಯ ಚೀಸಿನಲ್ಲಿ ಆಮ್ಲ ಬೆಳೆಯುವ ಮುಖ್ಯವಾದ ಕೆಲಸವು ಸುಮಾರು ಐದು ಗಂಟೆಗಳಲ್ಲಿ ಮುಗಿಯುವುದರಿಂದ, ಆ ಹೊತ್ತಿಗೆ ನಾವು ಗೆದ್ದಿರುತ್ತೇವೆ.

ಇದರಿಂದ ತಿಳಿಯುವ ತತ್ತ್ವವಿಷ್ಟು: ಎಷ್ಟನ್ನು ಕೊಂದೆವೆಂಬುದು ಮುಖ್ಯವಲ್ಲ, ಎಷ್ಟು ಉಳಿದುವೆಂಬುದು ಮುಖ್ಯ. ಆದುದರಿಂದಲೇ ಈ ಶಾಸ್ತ್ರದಲ್ಲಿ ಶೇಕಡ ಲೆಕ್ಕವನ್ನು ಬಿಟ್ಟು, ಸಂಖ್ಯೆಯು ಎಷ್ಟು ಸಲ ಹತ್ತನೆಯ ಒಂದು ಭಾಗಕ್ಕೆ ಇಳಿಯಿತೆಂದು ಎಣಿಸುತ್ತಾರೆ. ಹತ್ತನೆಯ ಒಂದು ಭಾಗಕ್ಕೆ ಇಳಿಯಲು ಒಂದು ನಿಮಿಷ ಬೇಕಾಗುವ ದ್ರಾವಣದಲ್ಲಿ, ಹತ್ತು ಲಕ್ಷದಲ್ಲಿ ಒಂದಕ್ಕೆ ಇಳಿಯಲು ಆರು ನಿಮಿಷ ಬೇಕು. ಅವಸರದಿಂದ ಎರಡೇ ನಿಮಿಷಕ್ಕೆ ದ್ರಾವಣವನ್ನು ಹೊರಬಿಟ್ಟರೆ ನೂರರಲ್ಲಿ ಒಂದು ಉಳಿಯುತ್ತದೆ. ಮೂರನೆಯ ಒಂದು ಭಾಗದಷ್ಟು ಕಾಲ ಕೊಟ್ಟರೆ ಮೂರನೆಯ ಒಂದು ಭಾಗದಷ್ಟು ಫಲ ದೊರೆಯುತ್ತದೆಂದು ತಿಳಿಯುವುದು ತಪ್ಪು. ಆಗ ಉಳಿಯುವ ಫೇಜ್‌ಗಳು ಹತ್ತು ಸಾವಿರ ಪಟ್ಟು ಹೆಚ್ಚು.

ಮೊದಲು ತೊಳೆಯುವುದು, ಅನಂತರ ಕೊಲ್ಲುವುದು

ಹಾಲನ್ನು ಪಾಶ್ಚರೀಕರಿಸಿದರೆ ಫೇಜ್ ಸಾಯುವುದಿಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಹಾಲನ್ನು 72 ಡಿಗ್ರಿ ಸೆಂಟಿಗ್ರೇಡಿನಲ್ಲಿ 15 ಸೆಕೆಂಡು ಇಡುವ ಈ ಕ್ರಮವು ಕ್ಷಯ ಮೊದಲಾದ ರೋಗಗಳ ಬ್ಯಾಕ್ಟೀರಿಯಗಳನ್ನು ಕೊಲ್ಲುವುದಕ್ಕಾಗಿ ಏರ್ಪಟ್ಟಿದೆ. ಹಾಲಿನ ಫೇಜ್‌ಗಳಲ್ಲಿ ಅನೇಕವು ಇದನ್ನು ತಡೆದುಕೊಳ್ಳುತ್ತವೆ. ಕೆಲವಂತೂ 90 ಡಿಗ್ರಿಯಲ್ಲಿ ಹಲವು ನಿಮಿಷ ಇಟ್ಟರೂ ಪೂರ್ತಿಯಾಗಿ ನಾಶವಾಗುವುದಿಲ್ಲ. ಹಾಲನ್ನು ಬಿಸಿಮಾಡುವುದರ ಮೇಲೆಯೇ ಭಾರ ಹಾಕುವಂತಿಲ್ಲ. ಹಾಲು ಮುಟ್ಟುವ ಪ್ರತಿಯೊಂದು ಮೇಲ್ಮೈಯನ್ನೂ ಶುದ್ಧಪಡಿಸಬೇಕು.

ಶುದ್ಧಿಯಲ್ಲಿ ಎರಡು ಹಂತಗಳಿವೆ: ಕೊಳೆಯನ್ನು ತೆಗೆಯುವುದು, ಉಳಿದ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು. ಈ ಕ್ರಮವನ್ನು ತಿರುಗುಮುರುಗು ಮಾಡುವಂತಿಲ್ಲ. ಉಕ್ಕಿನ ತೊಟ್ಟಿ ಬರಿಗಣ್ಣಿಗೆ ಹೊಳೆಯುತ್ತಿದ್ದರೂ ಅದರ ಮೇಲೆ ಹಾಲಿನ ಪ್ರೋಟೀನು ಮತ್ತು ಕೊಬ್ಬಿನ ತೆಳುವಾದ ಪದರವಿರಬಹುದು. ಬಿಸಿಯಾದೆಡೆಗಳಲ್ಲಿ ಸುಣ್ಣದ ಅಂಶ ಸೇರಿ ಅದು ಕಲ್ಲಿನಂತೆ ಗಟ್ಟಿಯಾಗಿರಬಹುದು. ಫೇಜ್ ಈ ಪದರದ ಕೆಳಗೆ ಅಡಗಿದ್ದರೆ ಕ್ರಿಮಿನಾಶಕವು ಅದನ್ನು ತಲಪುವುದೇ ಇಲ್ಲ. ಅಷ್ಟೇ ಅಲ್ಲದೆ, ಕ್ಲೋರಿನ್ ಜಾತಿಯ ದ್ರಾವಣಗಳು ಹಾಲಿನ ಪ್ರೋಟೀನಿನೊಡನೆ ವರ್ತಿಸಿ ತಮ್ಮ ಶಕ್ತಿಯನ್ನೆಲ್ಲ ಅಲ್ಲಿಯೇ ಕಳೆದುಕೊಳ್ಳುತ್ತವೆ.

ಆದುದರಿಂದ ಕಾರ್ಖಾನೆಗಳಲ್ಲಿ ಮೊದಲು ನೀರು ಹಾಯಿಸಿ ಉಳಿದ ಹಾಲನ್ನು ಹೊರದೂಡುತ್ತಾರೆ. ಬಳಿಕ ಸುಮಾರು ನೂರಕ್ಕೆ ಒಂದರಷ್ಟು ಕಾಸ್ಟಿಕ್ ಸೋಡ ಇರುವ ದ್ರಾವಣವನ್ನು 75 ರಿಂದ 80 ಡಿಗ್ರಿ ಬಿಸಿಮಾಡಿ ಹಾಯಿಸುತ್ತಾರೆ. ಇದು ಕೊಬ್ಬನ್ನೂ ಪ್ರೋಟೀನನ್ನೂ ಕರಗಿಸುತ್ತದೆ. ಮತ್ತೆ ನೀರು. ಅನಂತರ ದುರ್ಬಲವಾದ ನೈಟ್ರಿಕ್ ಆಮ್ಲ. ಇದು ಸುಣ್ಣದ ಪದರವನ್ನು ಕರಗಿಸುತ್ತದೆ. ಮತ್ತೆ ನೀರು. ಇಷ್ಟೆಲ್ಲ ಆದ ಮೇಲೆ ಕ್ರಿಮಿನಾಶಕದ ಸರದಿ. ಯಂತ್ರಗಳನ್ನು ಬಿಚ್ಚದೆಯೇ ಇದನ್ನೆಲ್ಲ ಪಂಪುಗಳ ಮೂಲಕ ನಡೆಸುತ್ತಾರೆ.

ಇಲ್ಲಿ ಭೌತವಿಜ್ಞಾನದ ಒಂದು ಅಂಶವೂ ಸೇರಿದೆ. ನಿಧಾನವಾಗಿ ಹರಿಯುವ ದ್ರವವು ಪದರ ಪದರವಾಗಿ ಸಾಗುತ್ತದೆ. ಕೊಳವೆಯ ಗೋಡೆಯ ಬಳಿ ಅದು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಕೊಳೆ ಇರುವುದೂ ಅಲ್ಲಿಯೇ. ವೇಗ ಹೆಚ್ಚಿದಾಗ ಪ್ರವಾಹವು ಪ್ರಕ್ಷುಬ್ಧವಾಗಿ ಸುಳಿಗಳೆದ್ದು ಗೋಡೆಯನ್ನು ಉಜ್ಜುತ್ತವೆ. ರೆನಾಲ್ಡ್ಸ್ ಸಂಖ್ಯೆ ಸುಮಾರು 4,000ವನ್ನು ಮೀರಿದರೆ ಕೊಳವೆಯ ಪ್ರವಾಹ ಪ್ರಕ್ಷುಬ್ಧವಾಗುತ್ತದೆ. 5 ಸೆಂಟಿಮೀಟರು ಅಡ್ಡಳತೆಯ ಕೊಳವೆಯಲ್ಲಿ ನೀರು ಸೆಕೆಂಡಿಗೆ 1.5 ಮೀಟರು ವೇಗದಿಂದ ಹರಿದರೆ ಈ ಸಂಖ್ಯೆ ಸುಮಾರು 75,000 ಆಗುತ್ತದೆ. ಹಾಲಿನ ಕೊಳವೆಗಳನ್ನು ತೊಳೆಯಲು ಈ ವೇಗವನ್ನೇ ಸಾಮಾನ್ಯವಾಗಿ ಗೊತ್ತುಮಾಡಿದ್ದಾರೆ. ಆದರೆ ಮುಖ್ಯ ಕೊಳವೆಯಿಂದ ಕವಲೊಡೆದು ಮುಂದೆ ಮುಚ್ಚಿಹೋಗಿರುವ ತುಂಡು ಕೊಳವೆಯೊಳಗೆ ಈ ಸುಳಿಗಳು ನುಗ್ಗಲಾರವು. ಬಿರುಕುಬಿಟ್ಟ ರಬ್ಬರಿನ ಬಳೆ, ಒರಟಾದ ಬೆಸುಗೆ, ಗೀರುಬಿದ್ದ ತಳ, ಇವೂ ಅಂತಹ ಅಡಗುದಾಣಗಳೇ.

ಯಾವ ದ್ರಾವಣ?

ಕೈಗೆ ಹಚ್ಚಿಕೊಳ್ಳುವ ಆಲ್ಕೊಹಾಲು ವೈರಸ್ಸುಗಳನ್ನು ಕೊಲ್ಲುತ್ತದೆಂಬುದನ್ನು 2020ರ ಸಾಂಕ್ರಾಮಿಕದ ಕಾಲದಲ್ಲಿ ಎಲ್ಲರೂ ಕೇಳಿದ್ದೇವೆ. ಆ ವೈರಸ್ಸಿನ ಹೊರಗೆ ಕೊಬ್ಬಿನ ಪೊರೆಯೊಂದಿದೆ. ಸಾಬೂನೂ ಆಲ್ಕೊಹಾಲೂ ಆ ಪೊರೆಯನ್ನು ಹರಿದುಹಾಕುತ್ತವೆ. ಹಾಲಿನ ಫೇಜಿಗೆ ಇಂತಹ ಪೊರೆಯಿಲ್ಲ. ಇರುವುದು ಬರಿಯ ಪ್ರೋಟೀನಿನ ಚಿಪ್ಪು. ಆದುದರಿಂದ ಆಲ್ಕೊಹಾಲು ಇದರ ಮೇಲೆ ಬಹಳ ನಿಧಾನವಾಗಿ ವರ್ತಿಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನ ಪರಿಣಾಮವಂತೂ ಅತ್ಯಲ್ಪ. ಬ್ಯಾಕ್ಟೀರಿಯಗಳ ಹೊರಪೊರೆಯನ್ನು ಒಡೆದು ಕೊಲ್ಲುವ ಕೆಲವು ಕ್ರಿಮಿನಾಶಕಗಳೂ ಫೇಜಿನ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ಬ್ಯಾಕ್ಟೀರಿಯಗಳೆಲ್ಲ ಸತ್ತುವೆಂದು ತೋರಿಸುವ ಪರೀಕ್ಷೆಯಿಂದ ಫೇಜ್‌ಗಳೂ ಸತ್ತುವೆಂದು ಹೇಳುವಂತಿಲ್ಲ.

ಫೇಜಿನ ಪ್ರೋಟೀನನ್ನೂ ಡಿ.ಎನ್.ಎ.ಯನ್ನೂ ಆಕ್ಸೀಕರಿಸಿ ಕೆಡಿಸುವ ವಸ್ತುಗಳೇ ಇಲ್ಲಿ ಉಪಯುಕ್ತ. ನ್ಯೂಜಿಲೆಂಡಿನ ಹಂಟರ್ ಮತ್ತು ವೈಟ್‌ಹೆಡ್ ಹಲವು ಕ್ರಿಮಿನಾಶಕಗಳನ್ನು ಫೇಜಿನ ಮೇಲೆ ಪ್ರಯೋಗಿಸಿ 1940ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಹೈಪೊಕ್ಲೋರೈಟ್ ದ್ರಾವಣವು ಅಂದಿನಿಂದಲೂ ಹಾಲಿನ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ. ಇದು ನಾವು ನೀರಿಗೆ ಹಾಕುವ ಚಲುವೆಪುಡಿಯ ಬಂಧು. ಇದರಲ್ಲಿ ನಿಜವಾಗಿ ಕೊಲ್ಲುವ ಪದಾರ್ಥ ಹೈಪೊಕ್ಲೋರಸ್ ಆಮ್ಲ. ದ್ರಾವಣದ ಪಿ.ಎಚ್. 7.5 ಇದ್ದಾಗ ಅರ್ಧದಷ್ಟು ಮಾತ್ರ ಈ ರೂಪದಲ್ಲಿರುತ್ತದೆ, 8.5ಕ್ಕೆ ಏರಿದರೆ ಹತ್ತನೆಯ ಒಂದು ಭಾಗ ಮಾತ್ರ. ಕಾಸ್ಟಿಕ್ ಸೋಡವನ್ನು ಸರಿಯಾಗಿ ತೊಳೆಯದೆ ಬಿಟ್ಟರೆ ಪಿ.ಎಚ್. ಏರಿ, ಕ್ಲೋರಿನ್ನಿನ ಪ್ರಮಾಣ ಅಷ್ಟೇ ಇದ್ದರೂ ಅದರ ಬಲ ಕುಗ್ಗುತ್ತದೆ. ಪಿ.ಎಚ್. ಇಳಿಸುತ್ತೇವೆಂದು ಆಮ್ಲವನ್ನು ಬೆರೆಸಿದರಂತೂ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಬರುತ್ತದೆ. ಮನೆಯಲ್ಲಿಯೂ ಇವೆರಡನ್ನು ಎಂದಿಗೂ ಬೆರೆಸಕೂಡದು.

ಇಂದು ಹೆಚ್ಚಾಗಿ ಬಳಸುವ ಇನ್ನೊಂದು ವಸ್ತು ಪರ್‌ಅಸೆಟಿಕ್ ಆಮ್ಲ. ಅರ್ಜೆಂಟೀನದ ಸಾಂಟಾ ಫೆ ನಗರದ ಸಂಶೋಧಕರು ಈಚಿನ ದಶಕಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ, ನೂರಕ್ಕೆ 0.15ರಷ್ಟು ಪರ್‌ಅಸೆಟಿಕ್ ಆಮ್ಲವು ಹಾಲಿನ ಫೇಜ್‌ಗಳನ್ನು ಕೆಲವೇ ನಿಮಿಷಗಳಲ್ಲಿ ನಾಶಮಾಡಿತು. ಕೆಲಸ ಮುಗಿದ ಮೇಲೆ ಇದು ವಿನೆಗರಿನ ಆಮ್ಲ, ನೀರು ಮತ್ತು ಆಮ್ಲಜನಕಗಳಾಗಿ ಒಡೆಯುತ್ತದೆ. ಆದರೆ ಇದರ ಸಾಂದ್ರ ದ್ರಾವಣ ಚರ್ಮವನ್ನೂ ಕಣ್ಣನ್ನೂ ಸುಡುವುದರಿಂದ ಎಚ್ಚರಿಕೆ ಅವಶ್ಯಕ.

ಗಾಳಿಯ ದಾರಿ

ತೊಟ್ಟಿಯನ್ನು ಎಷ್ಟು ಚೆನ್ನಾಗಿ ಶುದ್ಧಮಾಡಿದರೂ, ಗಾಳಿಯಿಂದ ಬಂದು ಬೀಳುವ ಫೇಜ್ ಅದನ್ನು ಮತ್ತೆ ಕೆಡಿಸಬಲ್ಲುದು. ಹಾಲೊಡಕಿನಲ್ಲಿರುವ ಕೆನೆಯನ್ನು ಬೇರ್ಪಡಿಸಲು ನಿಮಿಷಕ್ಕೆ ಸಾವಿರಾರು ಸಲ ತಿರುಗುವ ಯಂತ್ರಗಳನ್ನು ಬಳಸುತ್ತಾರೆ. ಇವುಗಳಿಂದ ಸಿಡಿಯುವ ಮಂಜಿನಂತಹ ತುಂತುರು ಫೇಜನ್ನು ಕಾರ್ಖಾನೆಯ ತುಂಬ ಹರಡುತ್ತದೆಂಬುದನ್ನೂ ವೈಟ್‌ಹೆಡ್ ಮತ್ತು ಹಂಟರ್ ತೋರಿಸಿಕೊಟ್ಟರು.

ಮಿಲಿಲೀಟರಿಗೆ ನೂರು ಕೋಟಿ ಫೇಜ್‌ಗಳಿರುವ ಹಾಲೊಡಕಿನಲ್ಲಿ, 0.1 ಮಿಲಿಮೀಟರು ಅಡ್ಡಳತೆಯ ಒಂದು ಹನಿಯೊಳಗೆ ಸುಮಾರು 500 ಫೇಜ್‌ಗಳಿರುತ್ತವೆ. 0.01 ಮಿಲಿಮೀಟರಿನ ಹನಿಗಳಲ್ಲಿ ಸರಾಸರಿ ಎರಡಕ್ಕೊಂದರಲ್ಲಿ ಒಂದು ಫೇಜ್ ಇರುತ್ತದೆ. ಸ್ಟೋಕ್ಸ್ ನಿಯಮದ ಪ್ರಕಾರ ಈ ಚಿಕ್ಕ ಹನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಮಿಲಿಮೀಟರು ಮಾತ್ರ ಇಳಿಯುತ್ತದೆ. ಮೂರು ಮೀಟರು ಎತ್ತರದ ಸೂರಿನಿಂದ ನೆಲಕ್ಕೆ ಬರಲು ಅದಕ್ಕೆ ಕಾಲು ಗಂಟೆಗೂ ಹೆಚ್ಚು ಕಾಲ ಬೇಕು. ದಾರಿಯಲ್ಲಿ ನೀರು ಆವಿಯಾದರೆ ಉಳಿದ ಕಣ ಇನ್ನೂ ಹಗುರವಾಗಿ, ಗಾಳಿ ಒಯ್ದ ಕಡೆಗೆಲ್ಲ ಹೋಗುತ್ತದೆ.

ಆದುದರಿಂದ ಹೆಪ್ಪನ್ನು ಬೆಳೆಸುವ ಕೋಣೆಯನ್ನು ಹಾಲೊಡಕಿನ ಕೋಣೆಯಿಂದ ದೂರದಲ್ಲಿಡುತ್ತಾರೆ. ಅದರೊಳಕ್ಕೆ ಸೋಸಿದ ಗಾಳಿಯನ್ನು ತುಂಬಿ ಒತ್ತಡವನ್ನು ಹೊರಗಿಗಿಂತ ತುಸು ಹೆಚ್ಚಾಗಿ ಕಾಪಾಡುತ್ತಾರೆ. ಬಾಗಿಲು ತೆರೆದಾಗ ಗಾಳಿ ಒಳಗಿನಿಂದ ಹೊರಕ್ಕೆ ಹರಿಯುತ್ತದೆ. ಹಾಲೊಡಕನ್ನು ಮುಟ್ಟಿದ ಕೆಲಸಗಾರನು ಬಟ್ಟೆ ಬದಲಾಯಿಸದೆ ಹೆಪ್ಪಿನ ಕೋಣೆಗೆ ಹೋಗುವಂತಿಲ್ಲ. ಸ್ಥಳವನ್ನು ಹೀಗೆ ಬೇರ್ಪಡಿಸದಿದ್ದರೆ ಅತ್ಯುತ್ತಮ ಕ್ರಿಮಿನಾಶಕವೂ ಸೋಲುತ್ತದೆ.

ಇನ್ನೊಂದು ಉಪಾಯ ಹೆಪ್ಪಿನ ಸರದಿ. ಇಂದು ಒಂದು ತಳಿ, ನಾಳೆ ಬೇರೊಂದು ಫೇಜಿಗೆ ಈಡಾಗುವ ತಳಿ, ಹೀಗೆ ಬದಲಾಯಿಸುತ್ತಿದ್ದರೆ ನಿನ್ನೆಯ ಫೇಜಿಗೆ ಇಂದು ಆಹಾರ ಸಿಗುವುದಿಲ್ಲ. ಬ್ಯಾಕ್ಟೀರಿಯಗಳೂ ಸುಮ್ಮನಿರುವುದಿಲ್ಲ. ಮೊಸರಿನ ಒಂದು ಬ್ಯಾಕ್ಟೀರಿಯವು ತನ್ನನ್ನು ಕಾಡಿದ ಫೇಜಿನ ಡಿ.ಎನ್.ಎ. ತುಣುಕನ್ನು ತನ್ನ ಡಿ.ಎನ್.ಎ.ಯಲ್ಲಿ ಇರಿಸಿಕೊಂಡು, ಮುಂದಿನ ಸಲ ಅದನ್ನು ಗುರುತಿಸಿ ಎದುರಿಸುತ್ತದೆಂದು 2007ರಲ್ಲಿ ಹೆಪ್ಪು ತಯಾರಿಸುವ ಉದ್ಯಮದ ವಿಜ್ಞಾನಿಗಳೇ ತೋರಿಸಿದರು. ಕ್ರಿಸ್ಪರ್ ಎಂದು ಪ್ರಸಿದ್ಧವಾದ ಈ ರಕ್ಷಣಾವ್ಯವಸ್ಥೆಯಿಂದ ರೂಪುಗೊಂಡ ಜೀನ್ ತಿದ್ದುವ ವಿಧಾನಕ್ಕೆ 2020ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಸಂದಿತು.

ಮನೆಯಲ್ಲೊಂದು ಪ್ರಯೋಗ

ಶೇಕಡ ಲೆಕ್ಕ ಹೇಗೆ ಮೋಸಗೊಳಿಸುತ್ತದೆಂಬುದನ್ನು ವಿದ್ಯಾರ್ಥಿಗಳು ತಾವೇ ನೋಡಬಹುದು. ಇದಕ್ಕೆ ಫೇಜ್ ಬೇಡ, ಹೆಪ್ಪೇ ಸಾಕು. ಕಾಯಿಸಿ ಉಗುರುಬೆಚ್ಚಗೆ ಆರಿಸಿದ ಹಾಲನ್ನು ಒಂದೇ ಬಗೆಯ ಎರಡು ಲೋಟಗಳಲ್ಲಿ ಸಮವಾಗಿ ತೆಗೆದುಕೊಳ್ಳಿ. ಒಂದಕ್ಕೆ ಒಂದು ಚಮಚ ಮಜ್ಜಿಗೆಯನ್ನು ಹಾಕಿ. ಇನ್ನೊಂದು ಚಮಚ ಮಜ್ಜಿಗೆಗೆ ಕುದಿಸಿ ಆರಿಸಿದ ನೀರನ್ನು ಒಂಬತ್ತು ಚಮಚ ಬೆರೆಸಿ, ಅದರಲ್ಲಿ ಒಂದು ಚಮಚವನ್ನು ಎರಡನೆಯ ಲೋಟಕ್ಕೆ ಹಾಕಿ. ಇದರಲ್ಲಿ ಹೆಪ್ಪು ಹತ್ತನೆಯ ಒಂದು ಭಾಗ ಮಾತ್ರ. ಎರಡನ್ನೂ ಒಂದೇ ಬೆಚ್ಚಗಿನ ಸ್ಥಳದಲ್ಲಿಟ್ಟು ಅರ್ಧ ಗಂಟೆಗೊಮ್ಮೆ ಮೆಲ್ಲನೆ ವಾಲಿಸಿ ನೋಡಿ, ಹೆಪ್ಪುಗಟ್ಟಿದ ಕಾಲವನ್ನು ಬರೆದುಕೊಳ್ಳಿ.

ಎರಡನೆಯ ಲೋಟಕ್ಕೆ ಹತ್ತರಷ್ಟು ಕಾಲ ಬೇಕಾಗುವುದಿಲ್ಲ. ಎರಡನ್ನು ಮೂರು ಸಲ ಗುಣಿಸಿದರೆ ಎಂಟು, ನಾಲ್ಕು ಸಲ ಗುಣಿಸಿದರೆ ಹದಿನಾರು. ಆದುದರಿಂದ ಹತ್ತು ಪಟ್ಟಿನ ಕೊರತೆಯನ್ನು ತುಂಬಿಕೊಳ್ಳಲು ಬ್ಯಾಕ್ಟೀರಿಯಗಳಿಗೆ ಮೂರು ಸಲಕ್ಕಿಂತ ತುಸು ಹೆಚ್ಚು ಇಮ್ಮಡಿಯಾದರೆ ಸಾಕು. ನಿಮ್ಮ ಎರಡು ಲೋಟಗಳ ಕಾಲದ ವ್ಯತ್ಯಾಸವನ್ನು 3.3ರಿಂದ ಭಾಗಿಸಿದರೆ, ನಿಮ್ಮ ಮನೆಯ ಹೆಪ್ಪಿನ ಬ್ಯಾಕ್ಟೀರಿಯಗಳು ಇಮ್ಮಡಿಯಾಗಲು ಬೇಕಾದ ಕಾಲ ಸ್ಥೂಲವಾಗಿ ದೊರೆಯುತ್ತದೆ.

ಹತ್ತರಲ್ಲಿ ಒಂಬತ್ತು ಭಾಗವನ್ನು ತೆಗೆದುಹಾಕಿದರೂ ಹೆಪ್ಪು ತುಸು ತಡವಾಗಿ ತನ್ನ ಕೆಲಸವನ್ನು ಮುಗಿಸಿಯೇ ಮುಗಿಸಿತು. ಕೆಡಿಸುವ ಫೇಜಿಗೂ ಇದೇ ನಿಯಮ. ಅದಕ್ಕೆ ಬೇಕಾದ ಕಾಲ ಇನ್ನೂ ಕಡಿಮೆ. ಮುಂಜಾನೆ ರೈತನು ತಂದ ಹಾಲು ಸಂಜೆಗೆ ಒಳ್ಳೆಯ ಚೀಸಾಗುವುದೋ ಚರಂಡಿಗೆ ಹೋಗುವುದೋ ಎಂಬುದು, ಹಿಂದಿನ ದಿನ ಕವಾಟವನ್ನು ತೊಳೆದವನು ಕೊನೆಯ ನಾಲ್ಕು ನಿಮಿಷ ತಾಳಿದನೋ ಇಲ್ಲವೋ ಎಂಬುದನ್ನು ಅವಲಂಬಿಸಿರಬಹುದು.